ಉಪ್ಪುನೀರಿನ ಅಕ್ವೇರಿಯಂಗೆ ಚಿಲ್ಲರ್: ಕೊಳ್ಳುವ ಮುಂಚಿನ ಲೆಕ್ಕ

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ನೀರಿನ ತಾಪಮಾನ ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಮೀನು, ಸೀಗಡಿಗಳ ದೇಹದ ಚಟುವಟಿಕೆ ಚುರುಕಾಗಿ ಅವಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಸಮುದ್ರದ ನೀರು ಈ ವಿಷಯದಲ್ಲಿ ಸಿಹಿನೀರಿಗಿಂತ ಮೊದಲೇ ಬಡವ: 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಸಮುದ್ರದ ನೀರು ಹಿಡಿಯುವುದು 6.7 ಮಿಲಿಗ್ರಾಂ ಆಸುಪಾಸು. ಹವಳಗಳ ಪಾಡು ಇನ್ನೂ ಸೂಕ್ಷ್ಮ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅವುಗಳ ಆಹಾರದ ದೊಡ್ಡ ಪಾಲನ್ನು ತಯಾರಿಸುತ್ತದೆ. ನೀರು 30 ಡಿಗ್ರಿ ದಾಟಿ ಕೆಲವು ದಿನ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ, ಕೊನೆಗೆ ಹಸಿದು ಸಾಯಲೂಬಹುದು. ಕಡಲಿನ ಮೀನಿಗೆ ಸೆಕೆಯಾದರೆ ಆಳಕ್ಕೆ ಇಳಿಯುವ ದಾರಿಯಿದೆ. ತೊಟ್ಟಿಯ ಮೀನಿಗೆ ಅದಿಲ್ಲದ್ದರಿಂದ ನೀರು ತಂಪಾಗಿಡುವ ಹೊಣೆ ಪೂರ್ತಿ ಸಾಕುವವರದು.

ಹಾಗೆಂದು ಎಲ್ಲ ತೊಟ್ಟಿಗೂ ಒಂದೇ ಅಂಕಿ ಬೇಕಾಗಿಲ್ಲ. ಭಾರತದಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧ, ಹಾಗಾಗಿ ಹವಳಕ್ಕೆಂದು ಹೇಳುವ ಅಂಕಿ ಎಲ್ಲರಿಗೂ ಅನ್ವಯಿಸದು. ಬರೀ ಮೀನುಗಳಿರುವ ತೊಟ್ಟಿಯಲ್ಲಿ ನೀರು 27, 28 ಡಿಗ್ರಿಯಲ್ಲಿ ಸ್ಥಿರವಾಗಿದ್ದರೆ ಹೆಚ್ಚಿನ ಉಷ್ಣವಲಯದ ಮೀನುಗಳಿಗೆ ತೊಂದರೆಯಿಲ್ಲ. ಹಗಲು 29, ರಾತ್ರಿ 25 ಎಂದು ಹೊಯ್ದಾಡುವುದೇ ಹೆಚ್ಚು ಹಾನಿಕರ. ಕೋಣೆಗೂ ನೀರಿಗೂ ಇರುವ ತಾಪಮಾನದ ಅಂತರ ಹೆಚ್ಚಿದಷ್ಟೂ ಗಾಜಿನ ಮೂಲಕ ಒಳನುಗ್ಗುವ ಶಾಖ ಹೆಚ್ಚು. ಆದ್ದರಿಂದ ಅಗತ್ಯವಿಲ್ಲದೆ ಒಂದು ಡಿಗ್ರಿ ಕೆಳಗಿಟ್ಟರೂ ಅದು ವರ್ಷವಿಡೀ ವಿದ್ಯುತ್ ಬಿಲ್ಲಿನಲ್ಲಿ ಕಾಣುತ್ತದೆ.

ಅಂಗಡಿಗಳಲ್ಲಿ ನೀರು ತಣಿಸುವ ಯಂತ್ರವಾದ ಚಿಲ್ಲರನ್ನು ತೊಟ್ಟಿಯ ಲೀಟರ್ ನೋಡಿ ಮಾರುವುದು ರೂಢಿ: ಇಷ್ಟು ಲೀಟರಿಗೆ ಹತ್ತನೇ ಒಂದು ಎಚ್‌ಪಿ, ಅಷ್ಟು ಲೀಟರಿಗೆ ಕಾಲು ಎಚ್‌ಪಿ. ಈ ಪಟ್ಟಿ ದಾರಿ ತಪ್ಪಿಸುತ್ತದೆ. ಚಿಲ್ಲರ್ ಹೊರಹಾಕಬೇಕಾದದ್ದು ನೀರನ್ನಲ್ಲ, ಶಾಖವನ್ನು. ಒಂದೇ ಅಳತೆಯ ಎರಡು ತೊಟ್ಟಿಗಳಲ್ಲಿ ಒಂದಕ್ಕೆ ಬೀಳುವ ಶಾಖ ಇನ್ನೊಂದರ ಮೂರು ಪಟ್ಟು ಇರಬಹುದು. ಕೋಣೆಯ ಗಾಳಿಯಿಂದ ಬರುವುದು ಒಂದು ಪಾಲು. ತಲೆಯ ಮೇಲಿನ ದೀಪ ಇನ್ನೊಂದು. ನೀರಿನೊಳಗೆ ಮುಳುಗಿರುವ ಪಂಪುಗಳದ್ದು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯದ ಪಾಲು. ಮುಳುಗಿದ ಪಂಪು ಎಳೆದುಕೊಳ್ಳುವ ವಿದ್ಯುತ್ತಿನ ಬಹುಪಾಲು ನೀರಿನಲ್ಲೇ ಶಾಖವಾಗಿ ಉಳಿಯುತ್ತದೆ.

ಈ ಒಟ್ಟು ಶಾಖವನ್ನು ಮನೆಯಲ್ಲೇ ಅಳೆಯಬಹುದು. ಜೀವಿಗಳನ್ನು ಬಿಡುವ ಮೊದಲು, ತೊಟ್ಟಿ ಸಿದ್ಧವಾಗುತ್ತಿರುವ ವಾರಗಳಲ್ಲೇ ಅಳೆದರೆ ಚೆನ್ನ. ಬೇಸಿಗೆಯ ಮಧ್ಯಾಹ್ನ ದೀಪ, ಪಂಪುಗಳನ್ನು ಎಂದಿನಂತೆ ಓಡಲು ಬಿಟ್ಟು, ಐಸ್ ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿಗಳನ್ನು ಇಳಿಸಿ ನೀರನ್ನು ಬೇಕಾದ ತಾಪಮಾನಕ್ಕೆ ತರಬೇಕು. ಬಾಟಲಿ ತೆಗೆದ ಮೇಲೆ ಒಂದು ಗಂಟೆಯಲ್ಲಿ ತಾಪಮಾನ ಎಷ್ಟು ಏರಿತೆಂದು ಒಳ್ಳೆಯ ಡಿಜಿಟಲ್ ಥರ್ಮಾಮೀಟರಿನಲ್ಲಿ ನೋಡಬೇಕು. ಸಂಪ್ (ಮುಖ್ಯ ತೊಟ್ಟಿಯ ಕೆಳಗಿನ ಶೋಧನೆಯ ತೊಟ್ಟಿ) ಸೇರಿದಂತೆ ಒಟ್ಟು ನೀರಿನ ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, ಅದನ್ನು 1.14ರಿಂದ ಗುಣಿಸಿದರೆ ಶಾಖದ ಹೊರೆ ವ್ಯಾಟ್‌ಗಳಲ್ಲಿ ಸಿಗುತ್ತದೆ. 300 ಲೀಟರ್ ನೀರು ಗಂಟೆಗೆ ಅರ್ಧ ಡಿಗ್ರಿ ಏರಿದರೆ ಹೊರೆ ಸುಮಾರು 170 ವ್ಯಾಟ್. ಅದರ ಒಂದೂವರೆ ಪಟ್ಟು, ಅಂದರೆ 260 ವ್ಯಾಟ್ ಆಸುಪಾಸಿನ ಶಾಖ ತೆಗೆಯಬಲ್ಲ ಚಿಲ್ಲರ್ ಇಂಥ ತೊಟ್ಟಿಗೆ ಸಾಕು. ತೀರಾ ಚಿಕ್ಕದಾದರೆ ಯಂತ್ರಕ್ಕೆ ಬಿಡುವೇ ಸಿಗುವುದಿಲ್ಲ. ತೀರಾ ದೊಡ್ಡದಾದರೆ ಕಂಪ್ರೆಸರ್ ಮತ್ತೆ ಮತ್ತೆ ಹತ್ತಿ ಆರಿ ಸವೆಯುತ್ತದೆ.

ಅಳತೆಯ ನಂತರ ಆ ಹೊರೆಯನ್ನೇ ತಗ್ಗಿಸಲು ನೋಡಬೇಕು, ಏಕೆಂದರೆ ಹುಟ್ಟದ ಶಾಖವನ್ನು ತೆಗೆಯಲು ವಿದ್ಯುತ್ ಬೇಡ. ಹಳೆಯ 250 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪದ ಜಾಗಕ್ಕೆ ಎಲ್‌ಇಡಿ ಬಂದರೆ ಬಹಳಷ್ಟು ತಗ್ಗುತ್ತದೆ. ತೊಟ್ಟಿಯ ಹಿಂಬದಿ, ತಳ, ಸಂಪಿನ ಗೋಡೆಗಳಿಗೆ ಫೋಮ್ ಹಾಳೆ ಅಂಟಿಸುವುದೂ ಅಗ್ಗದ ಉಪಾಯ. ಎಲ್ಲಕ್ಕಿಂತ ಮೇಲು ಆವಿಯಾಗಿಸುವ ದಾರಿ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಬಗೆಯಲ್ಲೇ, ನೀರಿನ ಮೇಲ್ಮೈ ಮೇಲೆ ಗಾಳಿ ಬೀಸುವ ಪುಟ್ಟ ಫ್ಯಾನ್ ತೊಟ್ಟಿಯನ್ನು ತಂಪಾಗಿಸುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್‌ನಷ್ಟು ಶಾಖ ಅದರ ಜೊತೆ ಹೋಗುತ್ತದೆ, ಫ್ಯಾನ್ ತಿನ್ನುವುದು ಕೆಲವೇ ವ್ಯಾಟ್. ಆದರೆ ಇದು ಊರಿನ ಗಾಳಿಗೆ ಕಟ್ಟುಬಿದ್ದದ್ದು. ಕಲಬುರಗಿ, ಬಳ್ಳಾರಿಯ ಒಣ ಬೇಸಿಗೆಯಲ್ಲಿ ಫ್ಯಾನ್ ಬಹಳ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಬರೀ ಮೀನಿರುವ ಅನೇಕ ತೊಟ್ಟಿಗಳಿಗೆ ಅಷ್ಟೇ ಸಾಕಾಗುತ್ತದೆ. ಮೇ ತಿಂಗಳ ಮಂಗಳೂರು, ಕಾರವಾರದಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ನೀರು ಸುಲಭವಾಗಿ ಆವಿಯಾಗುವುದಿಲ್ಲ. ಅಲ್ಲಿ ಚಿಲ್ಲರ್ ಇಲ್ಲದೆ ಹವಳದ ಮಾತೇ ಬೇಡ. ಫ್ಯಾನ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಕಡಿಮೆಯಾದಷ್ಟನ್ನು ದಿನವೂ ಉಪ್ಪಿಲ್ಲದ ಆರ್‌ಓ ನೀರಿನಿಂದ ತುಂಬಬೇಕು.

ಚಿಲ್ಲರ್ ಬೇಕೇ ಬೇಕೆಂದಾದ ಮೇಲೆ ಬಗೆಯ ಆಯ್ಕೆ ಸುಲಭ. ಅಗ್ಗವಾಗಿ ಸಿಗುವ ಪೆಲ್ಟಿಯರ್ ಚಿಲ್ಲರಿಗೆ ಕಂಪ್ರೆಸರ್ ಇರುವುದಿಲ್ಲ, ಸದ್ದೂ ಕಡಿಮೆ. ಆದರೆ ಅಂಥವು ಬಹುತೇಕ ತಾವು ತಿನ್ನುವ ವಿದ್ಯುತ್ತಿಗಿಂತ ಕಡಿಮೆ ಶಾಖವನ್ನು ತೆಗೆಯುತ್ತವೆ. ಇಪ್ಪತ್ತು, ಮೂವತ್ತು ಲೀಟರಿನ ಪುಟಾಣಿ ತೊಟ್ಟಿಯ ಆಚೆಗೆ ಅವುಗಳಿಂದ ಪ್ರಯೋಜನವಿಲ್ಲ. ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇರುವ ಚಿಲ್ಲರ್ ಒಂದು ವ್ಯಾಟ್ ತಿಂದು ಎರಡು ವ್ಯಾಟ್ ಅಥವಾ ಹೆಚ್ಚು ಶಾಖವನ್ನು ಹೊರಹಾಕಬಲ್ಲದು. ನೀರು ಹಾದುಹೋಗುವ ಒಳಸುರುಳಿ ಟೈಟಾನಿಯಂನದಾಗಿದೆಯೇ ಎಂದು ಕೇಳಲೇಬೇಕು. ತಾಮ್ರವನ್ನು ಉಪ್ಪುನೀರು ತಿನ್ನುತ್ತದೆ, ಹಾಗೆ ಕರಗಿದ ತಾಮ್ರ ಸೀಗಡಿ, ಹವಳಗಳಿಗೆ ವಿಷ.

ಎಚ್‌ಪಿ ಎಂಬ ಅಂಕಿಯಿಂದ ದಕ್ಷತೆ ತಿಳಿಯುವುದಿಲ್ಲ. ಕೇಳಬೇಕಾದ ಅಂಕಿಗಳು ಎರಡು: ಎಷ್ಟು ವ್ಯಾಟ್ ಶಾಖ ತೆಗೆಯುತ್ತದೆ, ಅದಕ್ಕೆ ಎಷ್ಟು ವ್ಯಾಟ್ ವಿದ್ಯುತ್ ಬೇಕು. ಶಾಖವನ್ನು ಬಿಟಿಯುನಲ್ಲಿ ಬರೆದಿದ್ದರೆ 3.41ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 500 ವ್ಯಾಟ್ ಶಾಖ ತೆಗೆಯಲು ಒಂದು ಯಂತ್ರ 250 ವ್ಯಾಟ್, ಇನ್ನೊಂದು 180 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ದಿನಕ್ಕೆ 3 ಯೂನಿಟ್ ಶಾಖದ ಹೊರೆಯಿರುವ ತೊಟ್ಟಿಯಲ್ಲಿ ಮೊದಲನೆಯದು ತಿಂಗಳಿಗೆ 45 ಯೂನಿಟ್ ತಿಂದರೆ ಎರಡನೆಯದಕ್ಕೆ 32 ಯೂನಿಟ್ ಸಾಕು. ಆ ಅಂಕಿಗಳನ್ನು ಕೋಣೆಯ ಯಾವ ತಾಪಮಾನದಲ್ಲಿ ಅಳೆದದ್ದು ಎಂಬುದೂ ಮುಖ್ಯ. 25 ಡಿಗ್ರಿಯ ಕೋಣೆಯಲ್ಲಿ ಸಿಕ್ಕ ಫಲ 35 ಡಿಗ್ರಿಯ ಕೋಣೆಯಲ್ಲಿ ಸಿಗದು.

ಚಿಲ್ಲರಿಗೆ ನೀರು ಕೊಡುವ ಪಂಪಿನ ಲೆಕ್ಕ ಯಾರೂ ಹೇಳುವುದಿಲ್ಲ. ಕಂಪ್ರೆಸರ್ ಆಗಾಗ ನಿಲ್ಲುತ್ತದೆ, ಈ ಪಂಪು ನಿಲ್ಲುವುದಿಲ್ಲ. 30 ವ್ಯಾಟಿನ ಪಂಪು ತಿಂಗಳಿಗೆ 21.6 ಯೂನಿಟ್ ತಿನ್ನುತ್ತದೆ. ಮುಳುಗಿದ್ದರೆ ಅಷ್ಟೂ ಶಾಖ ನೀರಿಗೇ ಸೇರುವುದರಿಂದ ಅದನ್ನು ತೆಗೆಯಲು ಚಿಲ್ಲರಿಗೆ ಮತ್ತೆ ಸುಮಾರು ಹತ್ತು ಯೂನಿಟ್ ಬೇಕು. ಸಂಪಿನಿಂದ ತೊಟ್ಟಿಗೆ ನೀರೇರಿಸುವ ಪಂಪಿನಿಂದಲೇ ಒಂದು ಕವಲು ತೆಗೆದು ಚಿಲ್ಲರಿಗೆ ಕೊಟ್ಟರೆ ಈ ಖರ್ಚು ಉಳಿಯುತ್ತದೆ, ಹರಿವು ತಯಾರಕರು ಹೇಳಿದ ಮಿತಿಯೊಳಗಿದ್ದರಾಯಿತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಈ ಲೆಕ್ಕ ಇನ್ನೂ ದೊಡ್ಡದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಚಿಲ್ಲರ್ ತೆಗೆದ ಶಾಖ ಬಂದು ಬೀಳುವುದು ಕೋಣೆಗೇ. ತೊಟ್ಟಿಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿಟ್ಟರೆ ಅದು ತಾನೇ ಬಿಟ್ಟ ಬಿಸಿಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಪೈಪು ತಲುಪುವ ದೂರದಲ್ಲಿ ಗಾಳಿಯಾಡುವ ನೆರಳಿನ ಬಾಲ್ಕನಿಯಿದ್ದರೆ ಅದೇ ಸರಿಯಾದ ಜಾಗ. ಹೀಟರ್ ಕೂಡ ಇರುವ ತೊಟ್ಟಿಯಲ್ಲಿ ಎರಡರ ನಡುವೆ ಕನಿಷ್ಠ ಒಂದೂವರೆ ಡಿಗ್ರಿ ಅಂತರ ಬಿಡಬೇಕು. ಇಲ್ಲವಾದರೆ ಒಂದು ಕಾಯಿಸಿದ್ದನ್ನು ಇನ್ನೊಂದು ತಣಿಸುತ್ತ ಎರಡೂ ವಿದ್ಯುತ್ ತಿನ್ನುತ್ತವೆ. ಕಂಡೆನ್ಸರಿನ ರೆಕ್ಕೆಗಳಿಗೆ ಧೂಳು ಮೆತ್ತಿದರೆ ಎಂಥ ಒಳ್ಳೆಯ ಯಂತ್ರವೂ ಸೊರಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ ಆಡಿಸಬೇಕು.

ಕರೆಂಟ್ ಹೋದಾಗ ಮನೆಯ ಸಾಮಾನ್ಯ ಯುಪಿಎಸ್‌ನಿಂದ ಕಂಪ್ರೆಸರ್ ಓಡಿಸುವುದು ಕಷ್ಟ, ಏಕೆಂದರೆ ಹತ್ತುವ ಗಳಿಗೆಯಲ್ಲಿ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಯುಪಿಎಸ್‌ಗೆ ಏರ್ ಪಂಪ್ ಮತ್ತು ಆ ಪುಟ್ಟ ಫ್ಯಾನನ್ನು ಜೋಡಿಸಿ, ತೊಟ್ಟಿಯ ಮುಚ್ಚಳ ತೆರೆದಿಟ್ಟರೆ ಮೀನುಗಳು ಕೆಲವು ಗಂಟೆಗಳನ್ನು ಸುರಕ್ಷಿತವಾಗಿ ಕಳೆಯುತ್ತವೆ.