ದುಬೈನಲ್ಲಿ ‘ಇನ್ನು ಸಾಕು’ ಎನ್ನುವವರು ಯಾರು?

ಪ್ರಶ್ನೆ: ದುಬೈ ಆಸ್ಪತ್ರೆಯಲ್ಲಿ ಕೊನೆಗಳಿಗೆಯಲ್ಲಿರುವ ರೋಗಿಗೆ ಸಿಪಿಆರ್ ಬೇಡವೆಂದು ಮನೆಯವರು ಹೇಳಬಹುದೇ?

ಉತ್ತರ: ಮನೆಯವರ ಮಾತೊಂದೇ ಸಾಲದು. ದುಬೈ, ಅಬುಧಾಬಿ ಎರಡಕ್ಕೂ ಅನ್ವಯಿಸುವ 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನು ದಯಾಮರಣವನ್ನು ಒಪ್ಪುವುದಿಲ್ಲ, ರೋಗಿಯೇ ಬೇಡಿಕೊಂಡರೂ. ಸಹಜ ಸಾವಿಗೆ ಮಾತ್ರ ಅದು ಬಾಗಿಲು ತೆರೆದಿಟ್ಟಿದೆ. ರೋಗ ವಾಸಿಯಾಗದ್ದಾಗಿರಬೇಕು, ಚಿಕಿತ್ಸೆಗಳೆಲ್ಲ ಮುಗಿದು ಫಲವಿಲ್ಲವೆಂದು ಖಚಿತವಾಗಿರಬೇಕು. ನೋಡಿಕೊಳ್ಳುತ್ತಿರುವ ವೈದ್ಯರ ಸಲಹೆಗೆ ಕನಿಷ್ಠ 3 ಕನ್ಸಲ್ಟೆಂಟ್ ವೈದ್ಯರು ದನಿಗೂಡಿಸಿದರೆ, ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ಮಾಡದೆ ಬಿಡಬಹುದು. ಆಗ ಮನೆಯವರ ಒಪ್ಪಿಗೆಯೂ ಬೇಕಿಲ್ಲ!

ಊರಿನಿಂದ ಹೋದವರಿಗೆ ಇದು ಬಿರುಸೆನಿಸೀತು. ಆದರೆ ರೋಗಿಯೇ ‘ನನಗೆ ಸಿಪಿಆರ್ ಬೇಕು’ ಎಂದು ಸ್ಪಷ್ಟವಾಗಿ ಕೇಳಿದ್ದರೆ, ನಿಷ್ಫಲವೆಂದು ಗೊತ್ತಿದ್ದರೂ ಮಾಡಲೇಬೇಕು.

ಕರ್ನಾಟಕದ ದಾರಿ ಬೇರೆ. ಘನತೆಯಿಂದ ಸಾಯುವ ಹಕ್ಕಿನ ಬಗೆಗಿನ 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ಅನುಸರಿಸಿ ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಲ್ಲಿ ವೈದ್ಯರ ಎರಡು ಮಂಡಳಿಗಳ ಜೊತೆಗೆ ಮನೆಯವರೂ ಒಪ್ಪಬೇಕು.