ಬೆಂಕಿಗೊಂದು ನೂಲು, ಅಲಗಿಗೊಂದು ನೂಲು

ಬೀದರ್ ನಗರದ ಬಿದ್ರಿ ಲೋಹಕಲೆಯ ಕುಶಲಕರ್ಮಿಗಳ ಕೈಗೆ ಎರಡು ಬಗೆಯ ಅಪಾಯ. ಮೊದಲನೆಯದು ಎರಕದ ಹೊತ್ತಿನದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮೂಸೆಯಲ್ಲಿ ಕರಗಿಸಿ ಅಚ್ಚಿಗೆ ಸುರಿಯಬೇಕು. ಸತು ಕರಗುವುದೇ ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಡನೆಯದು ಕೆತ್ತನೆಯ ಹೊತ್ತಿನದು. ಬಳ್ಳಿ, ಹೂವು ಕೊರೆಯುವ ಉಳಿ ಜಾರಿದರೆ ಬೆರಳು ಸೀಳುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದ ಕಲೆ ಇದು. ಇದನ್ನು ಉಳಿಸುವ ಕೈಗಳನ್ನು ಕಾಯಲು ಒಂದೇ ಬಗೆಯ ಕೈಗವಸು ಸಾಲದು.

ಕಾರಣ ನೂಲಿನಲ್ಲಿದೆ. ಹತ್ತಿ ಹೊತ್ತಿ ಉರಿಯುತ್ತದೆ. ಪಾಲಿಯೆಸ್ಟರ್ 260 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. 1960ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ನೊಮೆಕ್ಸ್ ಹಾಗಲ್ಲ. ಅದು ಕರಗುವುದಿಲ್ಲ, ಕರಕಲಾಗುತ್ತದೆ. ಜ್ವಾಲೆ ಸರಿದ ಕೂಡಲೇ ಆರುತ್ತದೆ. 1965ರಲ್ಲಿ ಅದೇ ಕಂಪನಿಯ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಕೆವ್ಲಾರ್, ತೂಕಕ್ಕೆ ತೂಕ ಇಟ್ಟರೆ ಉಕ್ಕಿಗಿಂತ ಸುಮಾರು ಐದು ಪಟ್ಟು ಬಲಶಾಲಿ. ಎರಡೂ ಅರಾಮಿಡ್ ಎಂಬ ಒಂದೇ ಕುಲದ ಎಳೆಗಳು.

ಇವುಗಳ ನಿಜವಾದ ಶಕ್ತಿ ಹೊರಬರುವುದು ಬೆರಕೆಯಲ್ಲಿ. ಹೆಸರುವಾಸಿಯಾದ ಒಂದು ಬಟ್ಟೆಯಲ್ಲಿ ನೊಮೆಕ್ಸ್ 93 ಭಾಗ, ಕೆವ್ಲಾರ್ 5 ಭಾಗ, ಇಂಗಾಲದ ಎಳೆ 2 ಭಾಗ ಇರುತ್ತದೆ. ಬೆಂಕಿ ತಡೆಯುವುದು ಮೊದಲನೆಯದರ ಕೆಲಸ. ಉರಿಯಲ್ಲಿ ಬಟ್ಟೆ ಬಿರಿಯದಂತೆ ಹಿಡಿಯುವುದು ಎರಡನೆಯದು. ಮೂರನೆಯದು ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟದಂತೆ ನೋಡಿಕೊಳ್ಳುತ್ತದೆ. ಬೀದರ್ ವಾಯುನೆಲೆ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ್‌ನ ತವರು. ಯುದ್ಧವಿಮಾನದ ಪೈಲಟ್‌ಗಳ ಉಡುಪಿಗೂ ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವುದು ಇಂಥ ಅರಾಮಿಡ್ ಬಟ್ಟೆಯನ್ನೇ.

ಅಲಗಿನ ವಿಷಯ ಬೇರೆ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ, ಸುತ್ತ ಕಬ್ಬಿನ ಹೊಲಗಳಿವೆ. ಕಬ್ಬು ಕಡಿಯುವವರ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಜಲ್ಲೆ. ಗಾಯದ ಭಯ ಹೆಚ್ಚಿರುವುದು ಎಡಗೈಗೆ ಮತ್ತು ಮೊಣಕಾಲಿನ ಕೆಳಗೆ. ಎಚ್‌ಪಿಪಿಇ ಎಂಬ ಗಟ್ಟಿ ಪಾಲಿಎಥಿಲೀನ್ ಎಳೆಗೆ ಗಾಜಿನ ನೂಲು ಅಥವಾ ಸಣ್ಣ ಉಕ್ಕಿನ ತಂತಿ ಸೇರಿಸಿ ಹೆಣೆದ ಕೈಗವಸು ಇಲ್ಲಿಗೆ ಒಪ್ಪುತ್ತದೆ. ಹಗುರ, ತಂಪು, ಸೋಗೆಯ ಗರಗಸದಂಥ ಅಂಚನ್ನೂ ತಡೆಯುತ್ತದೆ. ಆದರೆ ಅದನ್ನು ಪರೀಕ್ಷಿಸಿರುವುದು ಮೇಲೆ ಜಾರುವ ಅಲಗಿಗೆ. ಬೀಸಿ ಹೊಡೆದ ಕತ್ತಿಯ ಪೆಟ್ಟನ್ನು ಅದು ನಿಲ್ಲಿಸದು.

ಔರಾದ್ ಕಡೆ ಸೋಯಾ, ತೊಗರಿ ಕೊಯ್ಯುವ ಕುಡುಗೋಲಿಗೂ ಇದೇ ಕೈಗವಸು ಆದೀತು. ರಾಶಿ ಮಶಿನ್ ಹತ್ತಿರ ಹೋಗುವಾಗ ಮಾತ್ರ ಅದನ್ನು ಕಳಚಿಡಬೇಕು. ತಿರುಗುವ ಭಾಗಕ್ಕೆ ಸಿಕ್ಕಿದರೆ ಗಟ್ಟಿ ನೂಲು ಹರಿಯುವುದಿಲ್ಲ, ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ದೊಡ್ಡ ಮೋಸ ಹೋಗುವ ಜಾಗ ಇನ್ನೊಂದಿದೆ. ಎಚ್‌ಪಿಪಿಇ ಕರಗುವುದು 150 ಡಿಗ್ರಿಯ ಆಸುಪಾಸಿನಲ್ಲೇ! ಕೆತ್ತನೆಗೆ, ಕಬ್ಬಿಗೆ ಒಳ್ಳೆಯದಾದ ಅದೇ ಕೈಗವಸನ್ನು ಬಿದ್ರಿ ಎರಕಕ್ಕೋ ಕಾರ್ಖಾನೆಯ ಬಾಯ್ಲರ್ ಕೆಲಸಕ್ಕೋ ಹಾಕಿಕೊಂಡರೆ ಕೈಗವಸೇ ಗಾಯಕ್ಕೆ ಕಾರಣವಾಗುತ್ತದೆ. ಕರಗಿದ ಲೋಹದ ಮುಂದೆ ಬರೀ ಅರಾಮಿಡ್ ಹೆಣಿಗೆಯೂ ಸಾಲದು, ಹೆಣಿಗೆಯ ಸಂದಿನಲ್ಲಿ ಲೋಹ ಇಳಿಯುತ್ತದೆ. ಅಲ್ಲಿಗೆ ದಪ್ಪ ಚರ್ಮದ ಅಥವಾ ಅಲ್ಯೂಮಿನಿಯಂ ಲೇಪದ ಹೊರಪದರ, ಒಳಗೆ ಶಾಖ ತಡೆಯುವ ಅಸ್ತರಿ, ಅರಾಮಿಡ್ ದಾರದ ಹೊಲಿಗೆ ಬೇಕು. ಒದ್ದೆ ಕೈಗವಸು ಬೇಡವೇ ಬೇಡ. ನೀರು ಶಾಖವನ್ನು ಬೇಗ ಒಳಗೆ ದಾಟಿಸುತ್ತದೆ, ಆವಿಯಾಗಿ ಸುಡುತ್ತದೆ.

ಕೊಳ್ಳುವಾಗ ಗುರುತು ನೋಡಬೇಕು. ಯುರೋಪಿನ ಮಾನದಂಡವಾದ ಇಎನ್ 388 ಎಂದಿದ್ದರೆ ಉಜ್ಜುವಿಕೆ, ಕತ್ತರಿಸುವಿಕೆಯಂಥ ಅಪಾಯಗಳ ಪರೀಕ್ಷೆ; ಅದರಲ್ಲಿ ಎ ಇಂದ ಎಫ್‌ವರೆಗಿನ ಅಕ್ಷರ ಮುಂದೆ ಹೋದಷ್ಟೂ ಅಲಗಿಗೆ ತಡೆ ಹೆಚ್ಚು. ಜ್ವಾಲೆಯ ಚಿತ್ರದೊಂದಿಗೆ ಇಎನ್ 407 ಎಂದಿದ್ದರೆ ಶಾಖದ ಪರೀಕ್ಷೆ. ಅರಾಮಿಡ್ ಬಟ್ಟೆಗೆ ಬ್ಲೀಚ್ ಹಾಕಬಾರದು, ಬಿಸಿಲಲ್ಲಿ ಒಣಗಿಸಬಾರದು. ಎರಡರಿಂದಲೂ ಎಳೆ ಸೊರಗುತ್ತದೆ.

ಕೂಲಿಯವರು ತಮ್ಮ ದುಡ್ಡಲ್ಲಿ ಇದನ್ನೆಲ್ಲ ಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಕಬ್ಬಿನ ಗ್ಯಾಂಗ್ ಕರೆಸುವ ಕಾರ್ಖಾನೆಗಳು, ಗುತ್ತಿಗೆದಾರರು, ಬಿದ್ರಿ ಸಂಘಗಳು ಮತ್ತು ಸರ್ಕಾರ ಹಂಗಾಮಿಗೆ ಮೊದಲೇ ಕೆಲಸಕ್ಕೆ ತಕ್ಕ ಕೈಗವಸು ಹಂಚಲಿ. ಹಂಚುವಾಗ ಯಾವುದು ಬೆಂಕಿಗೆ, ಯಾವುದು ಅಲಗಿಗೆ ಎಂಬುದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಮರಾಠಿಯಲ್ಲೂ ಬರೆದು ಕೊಡಲಿ.