ಮನೆಗೊಂದು ನೀರಿನ ಮೀಟರು: ಲಾಭವೋ ನಷ್ಟವೋ?

ಮುಂಬಯಿಯ ಬಹುತೇಕ ಕಟ್ಟಡಗಳಲ್ಲಿ ನೀರಿನ ಮೀಟರು ಮನೆಮನೆಗಿಲ್ಲ. ಬಿಲ್ಲು ಇಡೀ ಸೊಸಾಯಿಟಿಗೆ ಬರುತ್ತದೆ. ಅದನ್ನು ನಲ್ಲಿಗಳ ಸಂಖ್ಯೆ ಹಾಗೂ ಗಾತ್ರ ನೋಡಿ ಹಂಚತಕ್ಕದ್ದೆಂದು ಮಾದರಿ ಉಪವಿಧಿಗಳು ಹೇಳುತ್ತವೆ. ನಲ್ಲಿಗಳು ಸಮವಾಗಿದ್ದರೆ, ಇಬ್ಬರಿರುವ ಮನೆಯೂ ಎಂಟು ಜನರಿರುವ ಮನೆಯೂ ಸಮಪಾಲನ್ನೇ ತೆರಬೇಕು. ನಮ್ಮ ಕಟ್ಟಡದ ಸಭೆಯಲ್ಲಿ ಮೀಟರಿನ ವಾದವೆದ್ದುದು ಇದರಿಂದಲೇ. ಕೂಗಾಟಕ್ಕಿಂತ ಲೆಕ್ಕ ಲೇಸೆಂದು ನಾವು ಕಾಗದ ಹಿಡಿದು ಕುಳಿತೆವು.

ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ನೀರೆಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ. ಅದರಂತೆ ತಿಂಗಳಿಗೆ ಇಬ್ಬರಿಗೆ 8,100 ಲೀಟರು, ಎಂಟು ಜನರಿಗೆ 32,400. ಇವೆರಡೇ ಮನೆಗಳು ಸಮನಾಗಿ ಹಂಚಿಕೊಂಡರೆ ಚಿಕ್ಕ ಮನೆಯು ತಾನು ಬಳಸದ 12,150 ಲೀಟರಿಗೆ ಹಣ ತೆತ್ತಂತಾಯಿತು. ಅನ್ಯಾಯವೇ ಸರಿ. ಆದರೆ ಮೊತ್ತವೆಷ್ಟು? ಸಾವಿರ ಲೀಟರಿಗೆ 10 ರೂಪಾಯಿಯೆಂದು ಹಿಡಿದರೆ 121 ರೂಪಾಯಿ 50 ಪೈಸೆ. ವಿದ್ಯಾರ್ಥಿಗಳು ತಮ್ಮ ಬಿಲ್ಲಿನ ದರವನ್ನೇ ಹಾಕಿ ನೋಡಲಿ.

ಇನ್ನು ಖರ್ಚು. ತಾರಸಿಯ ಟಾಂಕಿಯಿಂದ ಅಡುಗೆಮನೆಗೆ, ಬಚ್ಚಲಿಗೆ, ಪಾಯಖಾನೆಗೆ ಬೇರೆ ಬೇರೆ ಕೊಳವೆಗಳಿಳಿದಿದ್ದರೆ ಒಂದೇ ಮನೆಗೆ ಮೂರು ಮೀಟರು ಬೇಕು! ಮೂರಕ್ಕೂ ಸೇರಿ 6,000 ರೂಪಾಯಿ ತಗಲಿತೆನ್ನಿ. ಅದು ಮರಳಿ ಬರಲು ಚಿಕ್ಕ ಮನೆಗೂ ನಾಲ್ಕು ವರ್ಷಕ್ಕೆ ಮೇಲಾಗುವುದು. ದೊಡ್ಡ ಮನೆಯು ಬಳಕೆಯನ್ನು ತಗ್ಗಿಸದಿದ್ದರೆ ಅದಕ್ಕೆ ನಷ್ಟವೇ. ಟ್ಯಾಂಕರಿನ ನೀರು ಕೊಳ್ಳುವ ಕಟ್ಟಡಗಳ ಮಾತು ಬೇರೆ. ಆ ನೀರಿನ ಬೆಲೆ ಹಲವು ಪಟ್ಟು ಹೆಚ್ಚಾದುದರಿಂದ ಮೀಟರಿನ ಹಣ ಬೇಗನೆ ಹುಟ್ಟುತ್ತದೆ.

ಗಂಟೆಗೆ ಒಂದು ಲೀಟರು ಸೋರುವ ನಲ್ಲಿಯು ತಿಂಗಳಿಗೆ 720 ಲೀಟರು ಕಳೆಯುತ್ತದೆ. ನಮ್ಮ ಸಭೆಯು ಮೀಟರನ್ನು ಮುಂದಕ್ಕೆ ಹಾಕಿ, ಮೊದಲು ಅಂಥ ನಲ್ಲಿಗಳನ್ನು ದುರಸ್ತಿ ಮಾಡಿಸಿತು. ಇಬ್ಬರೇ ಇರುವ ಮನೆಯ ಹಿರಿಯರು ಮಾತ್ರ ಇನ್ನೂ ಒಪ್ಪಿಲ್ಲ. ಅವರದು ತಪ್ಪೆಂದು ನಾವೂ ಹೇಳಲಾರೆವು.